ಅಡುಗೆಮನೆಯ ಎಣಿಕೆ

ಗಣಿ ಕಾಲೊನಿ
ಫೆಬ್ರವರಿ 9

ಅಕ್ಕ,

ನಮಸ್ಕಾರ ಮೊದಲು, ಜಗಳ ಆಮೇಲೆ. ಎರಡು ತಿಂಗಳಿಂದ ನೀನು ಒಂದು ಸಾಲು ಬರೆದಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವವಳಿಗೆ ತಮ್ಮನ ನೆನಪೂ ಸೋಪಿನ ನೀರಿನ ಜೊತೆ ಚರಂಡಿಗೆ ಹೋಯಿತೋ ಏನೋ. ಪುಟ್ಟಿಯ ಉಬ್ಬಸ ಹೇಗಿದೆ? ಇಲ್ಲಿನ ಧೂಳು ಬಿಟ್ಟು ನಿನ್ನ ಜೊತೆ ಹೋದ ಮೇಲೆ ಮಗು ಕಣ್ತುಂಬ ನಿದ್ದೆ ಮಾಡುತ್ತಾಳೆ ಎಂದು ಭಾವ ಹೇಳಿದರು.

ಸುದ್ದಿ ಚೆನ್ನಾಗಿಲ್ಲ. ಮೊನ್ನೆ ಇಳಿಜಾರಿನಲ್ಲಿ ಟ್ರಾಲಿ ಎಳೆಯುವ ಉಕ್ಕಿನ ಹಗ್ಗ ತುಂಡಾಯಿತು. ಚಾವಟಿಯ ಹಾಗೆ ಬೀಸಿ ಬಂದು ಬ್ರೇಕಿನವನ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಿತು. ಅವನಿಗೆ ಗೊತ್ತೇ ಆಗಲಿಲ್ಲ. ಎದ್ದು ನಿಲ್ಲಲು ಹೋದ. "ಯಾಕೋ ನೆಲ ಸಿಗ್ತಿಲ್ಲ ಕಣೋ" ಅಂದ. ಭಾವ ತಮ್ಮ ಬೆಲ್ಟ್ ಬಿಚ್ಚಿ ಒಂದು ತೊಡೆಗೆ ಬಿಗಿದರು, ನಾನು ನನ್ನದನ್ನು ಇನ್ನೊಂದಕ್ಕೆ. ಜೀವ ಉಳಿದಿದೆ. ಬೂಟುಗಳು ಮಾತ್ರ ಹಳಿಯ ಪಕ್ಕದಲ್ಲೇ ಉಳಿದವು. ಒಳಗೆ ಕಾಲಿತ್ತಲ್ಲ, ಯಾರೂ ಮುಟ್ಟಲಿಲ್ಲ. ಕೊನೆಗೆ ಭಾವನೇ ಎತ್ತಿ ಗೋಣಿಚೀಲಕ್ಕೆ ಹಾಕಿದರು.

ಮಾಮ ಏನು ಕೆಲಸ ಮಾಡುತ್ತಾನೆ, ಶಾಲೆಯಲ್ಲಿ ಬರೆಯಬೇಕು ಎಂದು ಪುಟ್ಟಿ ಕೇಳಿದ್ದಳಂತೆ. ಇದನ್ನು ಓದಿ ಹೇಳು. ನಿನ್ನ ಮಾಮ ಮದ್ದು ಸಿಡಿಸುವವನು. ನಿನ್ನ ಅಪ್ಪ ಅವನ ಜೊತೆಗಾರ. ದಿನಾ ಸಂಜೆ ಐದಕ್ಕೆ ಸುರಂಗದ ತುದಿಯ ಬಂಡೆಯಲ್ಲಿ ಹದಿನಾಲ್ಕು ಕುಳಿಗೆ ಮದ್ದು ತುಂಬಿ ಹದಿನಾಲ್ಕು ಬತ್ತಿ ಹಚ್ಚುತ್ತಾರೆ. ಬತ್ತಿಗಳು ಉದ್ದ ಗಿಡ್ಡ ಇರುವುದರಿಂದ ಒಂದಾದ ಮೇಲೆ ಒಂದು ಸಿಡಿಯುತ್ತವೆ. ತಿರುವಿನ ಹಿಂದೆ ನಿಂತು ಮಾಮ ಎಣಿಸಿ ಬೋರ್ಡಿನಲ್ಲಿ ಬರೆಯುತ್ತಾನೆ. ಹದಿನಾಲ್ಕು ಎಂದಿದ್ದರೆ ಮಾತ್ರ ಬೆಳಗಿನ ಪಾಳಿಯವರು ಅಲ್ಲಿ ಮತ್ತೆ ಕೊರೆಯಬಹುದು. ಒಂದು ಕಡಿಮೆಯಾದರೂ ಸಿಡಿಯದ ಮದ್ದು ಬಂಡೆಯೊಳಗೆ ಕಾದು ಕೂತಿದೆ ಎಂದು ಅರ್ಥ. ಅದಕ್ಕೇ, ಮಾಮ ಎಣಿಸಿದರೆ ಜನ ಬದುಕುತ್ತಾರೆ ಎಂದು ಬರೆದುಕೊಳ್ಳಲಿ.

ಕಾಲೊನಿಯ ಹೆಂಗಸರು ಈಗಲೂ ಐದು ಗಂಟೆಗೆ ಅಡುಗೆಮನೆಯಲ್ಲಿ ನಿಂತು, ಕಪಾಟಿನ ಪಾತ್ರೆ ಅಲುಗಿದಾಗಲೆಲ್ಲ ಒಂದೊಂದು ಬೆರಳು ಮಡಚುತ್ತಾರೆ. ನೀನು ಇದ್ದಾಗ ನೀನೇ ಅವರ ನಾಯಕಿ. ಈಗ ಆ ಪಟ್ಟ, ಗಣಿಗೆ ಇಳಿಯುವವರಿಗೆ ದೀಪ ಕೊಡುವ ದೀಪದ ಕೋಣೆಯವನ ಹೆಂಡತಿಗೆ ಹೋಗಿದೆ. ನಾವು ಗಂಡಸರು ನಗುತ್ತೇವೆ, ಹೊಟ್ಟೆಯೊಳಗೆ ಮಾತ್ರ. ನನ್ನನ್ನು ಇನ್ನೂ ಮೊಲ ಎಂದೇ ಕರೆಯುತ್ತಾರೆ. ಅಷ್ಟು ಚುರುಕು ಕಿವಿ.

ನಿನ್ನ ತಮ್ಮ


ಆಸ್ಪತ್ರೆ ಹಿಂಬದಿಯ ಬೀದಿ
ಫೆಬ್ರವರಿ 26

ತಮ್ಮಾ,

ಬರೆಯದಿದ್ದದ್ದು ತಪ್ಪು. ಕೈ ಬೆರಳುಗಳೆಲ್ಲ ಸೋಪಿಗೆ ಸುಲಿದು ಪೆನ್ನು ಹಿಡಿದರೆ ಉರಿಯುತ್ತದೆ, ನಂಬಿದರೆ ನಂಬು. ಇಲ್ಲಿ ನನ್ನ ಪಾಲಿಗೆ ಬಂದಿರುವುದು ಆಪರೇಷನ್ ಕೋಣೆಯ ಬಟ್ಟೆಗಳು. ರಕ್ತವನ್ನು ತಣ್ಣೀರಿನಲ್ಲೇ ತೆಗೆಯಬೇಕು. ಬಿಸಿನೀರು ತಾಗಿತೋ, ಕಲೆ ಕೂತುಬಿಡುತ್ತದೆ. ಕಳೆದ ವಾರ ಒಂದು ಹೊದಿಕೆಯೊಳಗಿಂದ ಎರಡು ಬೆರಳು ಬಿದ್ದವು, ಯಾವುದೋ ಕಲ್ಲು ಒಡೆಯುವ ಮೆಷಿನ್ನಿನವನದು. ಒಂದರಲ್ಲಿ ಉಂಗುರ ಇತ್ತು. ನಾನು ಕಿರುಚಲಿಲ್ಲ. ಪಕ್ಕದವಳು ನನ್ನನ್ನು ಒಂಥರಾ ನೋಡಿದಳು. ಗಣಿಯಿಂದ ಬಂದವಳು ಕಣೇ ನಾನು ಅಂದೆ.

ಈಗ ಮುಖ್ಯ ಮಾತು. ನಿನ್ನ ಭಾವನ ಕೆಮ್ಮು ಕಾಗದದಲ್ಲೂ ಕೇಳಿಸುತ್ತಿದೆ. ಮದ್ದಿನ ಹೊಗೆ ವರ್ಷಗಟ್ಟಲೆ ಕುಡಿದವರ ಎದೆ ಹೇಗಾಗುತ್ತದೆ ಎಂದು ಇಲ್ಲಿನ ಡಾಕ್ಟರು ಹೇಳಿದರು. ಅವರನ್ನು ಬೆಳಗಿನ ಪಾಳಿಗೆ, ಕೊರೆಯುವ ಕೆಲಸಕ್ಕೆ ಹಾಕಿಸು. ಅಲ್ಲಿ ಧೂಳಿದ್ದರೂ ಹೊಗೆ ಇಲ್ಲ. ನಾನು ಹೇಳಿದರೆ ಕೇಳುವುದಿಲ್ಲ. ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ನೀನೇ "ಹೋಗಿ ಭಾವ" ಅಂದರೆ ಹೋಗುತ್ತಾರೆ.

ನಿನ್ನ ಕಿವಿ ಹೇಗಿದೆ? ಸುಮ್ಮನೆ ಕೇಳಿದೆ.

ಅಕ್ಕ


ಗಣಿ ಕಾಲೊನಿ
ಮಾರ್ಚ್ 18

ಅಕ್ಕ,

ಕಿವಿ ಚೆನ್ನಾಗಿದೆ. ಇದ್ದಕ್ಕಿದ್ದಂತೆ ಅದನ್ನು ಯಾಕೆ ಕೇಳಿದೆ? ಭಾವ ಏನಾದರೂ ಬರೆದರೇ? ಹಿಂದೆ ಹೇಗಿತ್ತೋ ಹಾಗೇ ಇದೆ. ಬೇಕಾದರೆ ಯಾರನ್ನಾದರೂ ಕೇಳು.

ಎರಡನೆಯ ಸುರಂಗದಲ್ಲಿ ಮೇಲಿನ ಬಂಡೆ ಕುಸಿದು ಅದಿರು ತುಂಬುವ ಇಬ್ಬರು ಸಿಕ್ಕಿಕೊಂಡರು. ಅಲ್ಲಿ ಮರದ ಕಂಬ ಕೊಡಿಸಿ ಎಂದು ಹದಿನೈದು ದಿನದಿಂದ ಮೇಸ್ತ್ರಿಗೆ ಹೇಳುತ್ತಿದ್ದರು. ನಾವು ಕೈಯಲ್ಲೇ ಕಲ್ಲು ಬಗೆದೆವು. ಒಬ್ಬನ ತಲೆ ಚಪ್ಪಟೆಯಾಗಿತ್ತು. ಇನ್ನೊಬ್ಬನ ಕೈ ಮಾತ್ರ ಹೊರಗಿತ್ತು. ಅದು ನನ್ನ ಕೈಯನ್ನು ಹಿಡಿದುಕೊಂಡಿತು, ಗಟ್ಟಿಯಾಗಿ. ಮೇಸ್ತ್ರಿ ಬಂದು, "ಕ್ರೇನ್ ಬರೋದು ನಾಳೆ. ಬಿಟ್ಟು ಕೆಲಸಕ್ಕೆ ನಡೀರಿ" ಅಂದ. ಅಷ್ಟು ಹೊತ್ತಿಗೆ ಹಿಡಿತ ಸಡಿಲವಾಗಿತ್ತು. ನಾನು ಎದ್ದು ಮೇಸ್ತ್ರಿಯ ಬಾಯಿಗೆ ಗುದ್ದಿದೆ. ಅವನ ಮುಂದಿನ ಹಲ್ಲು ಮುರಿದು ನನ್ನ ಬೆರಳ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಬಿದ್ದವನನ್ನು ಇನ್ನೂ ತುಳಿಯುತ್ತಿದ್ದೆನಂತೆ. ಭಾವ ನನ್ನನ್ನು ಸೊಂಟಕ್ಕೆ ಹಿಡಿದು ಎಳೆದುಕೊಂಡು ಬಂದರು. ಇಡೀ ಪಾಳಿ ನನ್ನ ಪರ ನಿಂತಿದ್ದರಿಂದ ಕೆಲಸ ಉಳಿಯಿತು.

ಭಾವನ ವಿಷಯ ಕೇಳಿದಾಗ ಆ ಮೇಸ್ತ್ರಿ ತಕ್ಷಣ ಒಪ್ಪಿದ. ನಮ್ಮಿಬ್ಬರನ್ನು ಬೇರೆ ಮಾಡಲು ಅವನಿಗೆ ನೆಪ ಬೇಕಿತ್ತು. ಎಣಿಸುವಾಗ ಇಬ್ಬರಿರಬೇಕು ಎನ್ನುವುದು ನಿಯಮ, ಇನ್ನೊಬ್ಬನನ್ನು ಕೊಡು ಅಂದೆ. ಆಳಿಲ್ಲ ಅಂದ. ಭಾವ ಮಾತ್ರ ಗೊಣಗಿದರು.

"ನೀನು ಒಬ್ಬನೇ ಎಣಿಸ್ತೀಯಾ ಮೊಲ?"

"ನಾನೇನು ಮಗುನಾ ಭಾವ? ನಿಮ್ಮ ಕೆಮ್ಮಿಲ್ಲದೆ ಇನ್ನೂ ಚೆನ್ನಾಗಿ ಕೇಳ್ಸುತ್ತೆ."

ಅವರು ನಗಲಿಲ್ಲ. ಏಪ್ರಿಲ್ ಒಂದರಿಂದ ಬೆಳಗಿನ ಪಾಳಿ. ನಿನ್ನ ಮಾತು ಮೀರಿದವನಲ್ಲ ನಾನು.

ತಮ್ಮ


ಆಸ್ಪತ್ರೆ ಹಿಂಬದಿಯ ಬೀದಿ
ಏಪ್ರಿಲ್ 5

ತಮ್ಮಾ,

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ನಿನ್ನ ಋಣ ಇಟ್ಟುಕೊಳ್ಳುವುದಿಲ್ಲ, ಬಂದಾಗ ಹೊಟ್ಟೆ ಬಿರಿಯುವಷ್ಟು ಬಡಿಸುತ್ತೇನೆ. ಮೇಸ್ತ್ರಿಯ ಹಲ್ಲಿನ ಕಥೆ ಕೇಳಿ ಪುಟ್ಟಿ ಕುಣಿದಳು. ನಾನು ಅವಳನ್ನು ಗದರಿಸಿ, ಒಳಗೆ ಹೋಗಿ ನಕ್ಕೆ.

ಒಂದು ಮಾತು. ಎಣಿಸುವಾಗ ಯಾರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೋ. ಮೇಸ್ತ್ರಿ ಕೊಡದಿದ್ದರೆ ಟ್ರಾಲಿಯವನನ್ನೋ ಪಂಪಿನವನನ್ನೋ ಕರೆದುಕೋ. ಯಾಕೆ ಅಂತ ಕೇಳಬೇಡ.

ಅಕ್ಕ


ಆಸ್ಪತ್ರೆ ಹಿಂಬದಿಯ ಬೀದಿ
ಮೇ 27

ತಮ್ಮಾ,

ಅಲ್ಲಿಂದ ಬಂದು ಹತ್ತು ದಿನವಾಯಿತು. ಮರುದಿನದಿಂದಲೇ ಕೆಲಸಕ್ಕೆ ಹೋಗುತ್ತಿದ್ದೇನೆ. ಗಂಡನನ್ನು ಮಣ್ಣಿಗೆ ಕೊಟ್ಟವಳು ಮನೆಯಲ್ಲಿ ಕೂರಬೇಕು ಎಂದು ಪಕ್ಕದವಳು ಹೇಳಿದಳು. ಕೂತರೆ ಎದ್ದು ನಿಲ್ಲಲಾರೆ ಎಂದು ಅವಳಿಗೆ ಗೊತ್ತಿಲ್ಲ.

ತಂತಿಯಲ್ಲಿ ಇದ್ದದ್ದು ನಾಲ್ಕು ಪದ. ಬಂದು ನೋಡಿದರೆ ಮೊಳೆ ಹೊಡೆದ ಪೆಟ್ಟಿಗೆ. ತೆಗೆಯಿರಿ, ಮುಖ ನೋಡಬೇಕು ಎಂದು ನಾನು ಪೆಟ್ಟಿಗೆಯ ಮೇಲೆ ಬಿದ್ದಾಗ ನನ್ನನ್ನು ಹಿಡಿದು ಎಳೆದವನು ನೀನು. ತೋಳಿನ ಮೇಲೆ ನಿನ್ನ ಬೆರಳುಗಳ ಗುರುತು ಇನ್ನೂ ಹಸಿರಾಗಿದೆ. ನಾಲ್ಕು ದಿನ ಒಂದೇ ಸೂರಿನ ಕೆಳಗಿದ್ದೆವು. ಒಮ್ಮೆಯೂ ನನ್ನ ಮುಖ ನೋಡಲಿಲ್ಲ ನೀನು. ದುಃಖ ಎಂದುಕೊಂಡೆ. ಇರಬಹುದು.

ನಿನ್ನ ಭಾವ ಹೇಗೆ ಸತ್ತರು? ಮದ್ದು ಸಿಡಿಯಿತು ಎಂದರೆ ಸಾಲದು. ಕೊರೆಯುವವನ ಮುಂದೆ ಮದ್ದು ಎಲ್ಲಿಂದ ಬಂತು? ಏನೂ ಮುಚ್ಚಿಡದೆ ಬರೆ. ನಾನು ದಿನಾ ಇತರರ ಗಂಡಂದಿರ ರಕ್ತ ಒಗೆಯುವವಳು. ನನ್ನ ಗಂಡನದನ್ನು ಕೇಳಲು ಹೆದರುವುದಿಲ್ಲ.

ಅಕ್ಕ


ಗಣಿ ಕಾಲೊನಿ
ಜೂನ್ 10

ಅಕ್ಕ,

ಬರೆ ಅಂದೆ, ಬರೆಯುತ್ತೇನೆ.

ಮೇ 12, ಬೆಳಗ್ಗೆ ಏಳೂವರೆ. ನಾನು ಗಣಿಗೆ ಇಳಿಯುವ ಬಾವಿಯ ಬಾಯಲ್ಲಿ ಸಂಜೆಯ ಮದ್ದಿನ ಪೆಟ್ಟಿಗೆ ಇಳಿಸುತ್ತಿದ್ದೆ. ಕಾಲಿನಡಿ ನೆಲ ಎಗರಿತು. ಓಡಿದೆವು. ಹೊಗೆಯಲ್ಲಿ ದೀಪ ಹಿಡಿದರೂ ನಮ್ಮ ಕೈಯೇ ನಮಗೆ ಕಾಣುತ್ತಿರಲಿಲ್ಲ. ಭಾವನ ಸಹಾಯಕ್ಕೆ ನಿಂತಿದ್ದವನು ಮೊದಲು ಸಿಕ್ಕ. ಕಣ್ಣಿದ್ದ ಕಡೆ ಕಲ್ಲಿನ ಚೂರುಗಳಿದ್ದವು. "ಅಣ್ಣನ್ನ ನೋಡಿ, ನನ್ನ ಬಿಡಿ" ಎಂದು ಕೂಗುತ್ತಿದ್ದ.

ಭಾವ ಬಿದ್ದಿರಲಿಲ್ಲ, ನಿಂತೇ ಇದ್ದರು. ಕೊರೆಯುವ ಉಕ್ಕಿನ ಸರಳು ಎದೆಯನ್ನು ತೂರಿ ಹಿಂದಿನ ಮರದ ಕಂಬಕ್ಕೆ ನಾಟಿಕೊಂಡಿತ್ತು. ಅದೇ ಅವರನ್ನು ಎತ್ತಿ ಹಿಡಿದಿತ್ತು. ಮುಖ ಇರಲಿಲ್ಲ, ಅಕ್ಕ. ಪೆಟ್ಟಿಗೆ ತೆಗೆಯಲು ಬಿಡದಿದ್ದದ್ದು ಅದಕ್ಕೆ. ಸರಳು ಹೊರಬರದೆ ಗರಗಸ ತಂದು ಕಂಬವನ್ನೇ ಕೊಯ್ದೆವು. ಕೊಯ್ದವನು ನಾನು.

ಹಳೆಯ ಕುಳಿಯ ಬುಡದಲ್ಲಿ ಸಿಡಿಯದ ಮದ್ದು ಉಳಿದಿತ್ತು. ಅದರ ಮೇಲೇ ಕೊರೆದಿದ್ದಾರೆ. ಕೊರೆಯುವ ಮೊದಲು ಬಂಡೆಗೆ ನೀರು ಹೊಡೆದು ತೊಳೆದಿದ್ದರೆ ಕಾಣುತ್ತಿತ್ತು. ನೀರಿನ ಪೈಪು ಒಡೆದು ವಾರವಾಗಿತ್ತು. ಯಾರನ್ನು ದೂರುವುದು? ಬಂಡೆಗೆ ಕರುಣೆ ಇಲ್ಲ.

ಪುಟ್ಟಿಗೆ ಏನು ಹೇಳಿದ್ದೀಯ?

ತಮ್ಮ


ಆಸ್ಪತ್ರೆ ಹಿಂಬದಿಯ ಬೀದಿ
ಜುಲೈ 14

ಬಂಡೆಗೆ ಕರುಣೆ ಇಲ್ಲ ಎಂದು ಬರೆದವನಿಗೆ,

ಗಣಿಯವರ ವರದಿ ಬಂದಿದೆ. ನಕಲು ಮಾಡುತ್ತೇನೆ, ಓದು. "ಹಿಂದಿನ ಸಂಜೆ ಹದಿಮೂರು ಕುಳಿಗಳು ಮಾತ್ರ ಸಿಡಿದಿರುವುದಾಗಿ ಮದ್ದು ಸಿಡಿಸುವವನು ಮೃತನಿಗೆ ಬಾಯಿಮಾತಿನಲ್ಲಿ ಎಚ್ಚರಿಕೆ ನೀಡಿದ್ದರೂ, ಮೃತನು ಅದನ್ನು ಕಡೆಗಣಿಸಿ ಕೊರೆದಿದ್ದಾನೆ. ಅಪಘಾತಕ್ಕೆ ಮೃತನೇ ಹೊಣೆ. ಸಹಾಯಕನ ಕಣ್ಣು ಹೋಗಿರುವುದಕ್ಕೂ ಮೃತನೇ ಹೊಣೆ." ಕೆಳಗೆ ಮೇಸ್ತ್ರಿಯ ರುಜು. ಅದರ ಕೆಳಗೆ ನಿನ್ನದು. ನಿನಗೆ ಅಕ್ಷರ ತಿದ್ದಿಸಿದವಳು ನಾನು. ಆ ರುಜು ನಿನ್ನದಲ್ಲ ಎಂದು ನನ್ನ ಹತ್ತಿರ ಹೇಳಬೇಡ.

ಬ್ರೇಕಿನವನ ಬೂಟು ಎತ್ತಿದ ಮನುಷ್ಯ, ಎಚ್ಚರಿಕೆ ಕೇಳಿಯೂ ಇನ್ನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮದ್ದಿನ ಮೇಲೆ ಕೊರೆದರೇ? ಸತ್ತವರು ಎದ್ದು ಬಂದು ಅಲ್ಲ ಅನ್ನುವುದಿಲ್ಲ ಎಂಬ ಧೈರ್ಯ ನಿಮಗೆ. ಕಣ್ಣು ಹೋದವನ ತಾಯಿ ನನಗೆ ಕಾಗದ ಬರೆಸಿದ್ದಾಳೆ. ನಿನ್ನ ಗಂಡ ನನ್ನ ಮಗನ ಕಣ್ಣು ಕಿತ್ತ, ಅವನ ಮಣ್ಣಿನ ಮೇಲೆ ಹುಲ್ಲೂ ಹುಟ್ಟದಿರಲಿ ಎಂದು. ಅದನ್ನು ಪುಟ್ಟಿ ಓದಿಬಿಟ್ಟಳು. "ಅಪ್ಪ ಕೆಟ್ಟವರಾಗಿದ್ರಾ ಅಮ್ಮ?" ಅಂದಳು. ಅವತ್ತು ನೀನು ಎದುರಿಗಿದ್ದಿದ್ದರೆ ಒನಕೆ ತೆಗೆದುಕೊಳ್ಳುತ್ತಿದ್ದೆ.

ಈಗ ನಾನು ಮುಚ್ಚಿಟ್ಟದ್ದು ಹೇಳುತ್ತೇನೆ. ಹೋದ ಡಿಸೆಂಬರಿನಲ್ಲಿ ನಿನ್ನ ಭಾವ ನನಗೆ ಬರೆದಿದ್ದರು: "ನಿನ್ನ ತಮ್ಮನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ. ಗೋಡೆಗೆ ಅಂಗೈ ಇಟ್ಟು ಎಣಿಸುತ್ತಾನೆ. ನಾನು ಎದುರು ನಿಂತು ಒಂದೊಂದು ಸದ್ದಿಗೆ ಒಂದೊಂದು ಬೆರಳು ಮಡಚುತ್ತೇನೆ, ಅದನ್ನು ನೋಡಿ ಬರೆಯುತ್ತಾನೆ. ಯಾರಿಗೂ ಹೇಳಬೇಡ, ಕೆಲಸ ಹೋಗುತ್ತದೆ." ನಾನು ಯಾರಿಗೂ ಹೇಳಲಿಲ್ಲ. ಆದರೆ ಕಿವುಡನ ಪಕ್ಕ ಮದ್ದಿನ ಮುಂದೆ ನನ್ನ ಗಂಡ ನಿಲ್ಲುವುದು ಬೇಡ ಅನ್ನಿಸಿತು. ಕೆಮ್ಮು ಒಂದು ನೆಪ. ಕಿವಿ ಹೇಗಿದೆ ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಉತ್ತರ ಬರೆದೆ ನೀನು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ನಿನ್ನ ಕಿವಿಯ ಬದಲಿಗೆ ಇದ್ದ ಬೆರಳುಗಳನ್ನು ನಾನೇ ಕಿತ್ತುಕೊಂಡೆ. ಕಿತ್ತುಕೊಂಡು, ನೀನು ಎಣಿಸಿ ಬಿಟ್ಟ ಬಂಡೆಯ ಮುಂದೆಯೇ ಅವರನ್ನು ನಿಲ್ಲಿಸಿದೆ. ಇದು ನನ್ನ ಪಾಲು. ಇದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ನಿನ್ನ ಪಾಲು ನೀನು ಹೊರು. ಆಗಸ್ಟ್ 20ಕ್ಕೆ ಸರ್ಕಾರದ ತನಿಖೆಯವರು ಬರುತ್ತಾರೆ ಎಂದು ವರದಿಯಲ್ಲೇ ಇದೆ. ದೀಪದ ಕೋಣೆಯವನ ಹೆಂಡತಿಯನ್ನು ಕೇಳು, ಆ ಸಂಜೆ ಅವಳ ಪಾತ್ರೆ ಎಷ್ಟು ಸಲ ಅಲುಗಿತು ಎಂದು. ಕೇಳಿ, ಹೋಗಿ ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.


ಗಣಿ ಕಾಲೊನಿ
ಆಗಸ್ಟ್ 28

ಅಕ್ಕ,

ಬಲಗೈ ಮುರಿದಿದೆ. ನಾನು ಹೇಳುತ್ತಿದ್ದೇನೆ, ದೀಪದ ಕೋಣೆಯವನ ಹೆಂಡತಿ ಬರೆಯುತ್ತಿದ್ದಾಳೆ. ಒಂದಕ್ಷರವೂ ಬಿಡಬಾರದು ಎಂದು ಆಣೆ ಹಾಕಿಸಿದ್ದೇನೆ.

ಅವಳನ್ನು ಕೇಳಬೇಕಾಗಿರಲಿಲ್ಲ. ಅವಳು ನನಗೆ ಆ ಸಂಜೆಯೇ ಹೇಳಿದ್ದಳು.

ಮೇ 11ರಂದು ಅಂಗೈಗೆ ಹದಿನಾಲ್ಕು ಹೊಡೆತ ಬಿತ್ತು. ಕೊನೆಯದು ಸ್ವಲ್ಪ ಬೇರೆ ಅನ್ನಿಸಿತು. ಮದ್ದಲ್ಲ, ಯಾವುದೋ ಬಂಡೆ ಕಳಚಿ ಬಿದ್ದದ್ದು. ಅನುಮಾನ ಬಂದಿತ್ತು, ಅಕ್ಕ. ನೀನು ಹೇಳಿದ ಹಾಗೆ ಯಾರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿರಲಿಲ್ಲ. ನಿಲ್ಲಿಸಿಕೊಂಡರೆ ಕಿವಿಯ ಗುಟ್ಟು ಹೊರಬೀಳುತ್ತಿತ್ತು. ಹದಿನಾಲ್ಕು ಎಂದು ಬರೆದು ರುಜು ಹಾಕಿ ಮೇಲೆ ಬಂದೆ. ನಲ್ಲಿಯ ಹತ್ತಿರ, ಈಗ ಇದನ್ನು ಬರೆಯುತ್ತಿರುವ ಇವಳು ಕೊಡ ಹಿಡಿದು ನಿಂತಿದ್ದಳು.

"ಇವತ್ತು ಹದಿಮೂರೇ ಅಲ್ವಾ ಅಣ್ಣ?"

"ನಿನ್ನ ಪಾತ್ರೆಗೆ ಹೇಳಮ್ಮ, ಇನ್ನೊಂದು ಸಲ ಅಲುಗ್ಲಿ ಅಂತ" ಅಂದೆ. ನಲ್ಲಿಯ ಹತ್ತಿರ ಇದ್ದವರೆಲ್ಲ ನಕ್ಕರು.

ಭಾವ ಅಲ್ಲೇ ಮುಖ ತೊಳೆಯುತ್ತಿದ್ದರು. ಅವರು ನಗಲಿಲ್ಲ. ಹತ್ತಿರ ಬಂದು, ಬೇರೆಯವರಿಗೆ ಕಾಣದ ಹಾಗೆ ಬೆರಳು ಮಡಚಿ ತೋರಿಸಿ, "ಸರಿಯಾಗಿ ಎಣಿಸಿದ್ಯಾ?" ಅಂದರು. ನಾನು ಅವರ ಕಣ್ಣು ನೋಡಿ "ಹದಿನಾಲ್ಕು ಭಾವ" ಅಂದೆ. ಅವರು ನನ್ನ ಹೆಗಲು ತಟ್ಟಿ ಹೋದರು. ನಂಬಿದರು. ಬೆಳಗ್ಗೆ ಹೋಗಿ ಕೊರೆದರು.

ಭಾವನನ್ನು ಇನ್ನೂ ಕಂಬದಿಂದ ಬಿಡಿಸಿರಲಿಲ್ಲ, ಮೇಸ್ತ್ರಿ ಒದ್ದೆ ಗೋಣಿಯಿಂದ ಬೋರ್ಡಿನ ಹದಿನಾಲ್ಕನ್ನು ಒರೆಸುತ್ತಿದ್ದ. ಒಂದು ವಾರದ ಮೇಲೆ ಕಾಗದ ತಂದ. "ರುಜು ಹಾಕು. ಇಲ್ಲ ಅಂದ್ರೆ ನಿನ್ನ ಕಿವಿ ಪರೀಕ್ಷೆ ಮಾಡಿಸ್ತೀನಿ. ನೀರಿನ ಪೈಪಿಗೆ ನಾನು, ಎಣಿಕೆಗೆ ನೀನು, ಇಬ್ರೂ ಜೈಲಿಗೆ. ಸತ್ತವನಿಗೆ ಏನಾಗ್ಬೇಕು?" ಮುರಿದ ಹಲ್ಲಿನ ಸಂದಿಯಲ್ಲಿ ನಗುತ್ತಿದ್ದ. ಹಾಕಿದೆ.

ಇಪ್ಪತ್ತರಂದು ತನಿಖೆಯವರ ಮುಂದೆ ಎಲ್ಲ ಹೇಳಿದೆ. ಇಡೀ ಕಾಲೊನಿ ಸೇರಿತ್ತು. ಇವನಿಗೆ ದುಃಖದಲ್ಲಿ ತಲೆ ಕೆಟ್ಟಿದೆ, ಕಿವಿ ಚೆನ್ನಾಗೇ ಇದೆ ಎಂದು ಮೇಸ್ತ್ರಿ ಅಂದ. ತನಿಖೆಯವರು ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಎಷ್ಟು ಎಂದು ಕೇಳಿದರು. ಮೂರು ಅಂದೆ. ತಿರುಗಿ ನೋಡಿದರೆ ಅವರು ಏಳು ಎಂದು ಬರೆದುಕೊಳ್ಳುತ್ತಿದ್ದರು.

ಆ ಸಂಜೆ ಹದಿಮೂರೇ ಎನ್ನುವುದಕ್ಕೆ ಸಾಕ್ಷಿ ಏನು ಎಂದು ಕೇಳಿದಾಗ ಇವಳು ಎದ್ದಳು.

"ನಾನು ಎಣಿಸಿದ್ದೆ ಸಾರ್. ಪಾತ್ರೆ ಹದಿಮೂರು ಸಲ ಅಲುಗಿತು."

"ಅಡುಗೆ ಮಾಡ್ತಾ ಎಣಿಸಿದ್ದನ್ನ ಹೇಗಮ್ಮ ನಂಬೋದು?"

"ಆ ಹೊತ್ತಲ್ಲಿ ಯಾರೂ ಅಡುಗೆ ಮಾಡಲ್ಲ ಸಾರ್. ಒಲೆ ಆರಿಸಿ ನಿಂತಿರ್ತೀವಿ."

ಹಿಂದಿನ ಸಾಲಿನಿಂದ ಇನ್ನೊಬ್ಬಳು ಹದಿಮೂರು ಅಂದಳು. ಆಮೇಲೆ ಬ್ರೇಕಿನವನ ಹೆಂಡತಿ. ಆಮೇಲೆ ಪಂಪಿನವನ ತಾಯಿ. ಒಬ್ಬೊಬ್ಬರಾಗಿ ಎದ್ದು ನಿಂತರು, ಇಪ್ಪತ್ತಾರು ಜನ. ಅಷ್ಟೂ ಅಡುಗೆಮನೆಗಳಿಗೆ ಗೊತ್ತಿತ್ತು. ಗಂಡಸರು ಯಾರೂ ಅವರನ್ನು ಕೇಳಿರಲಿಲ್ಲ, ಅವರಾಗಿಯೇ ಹೇಳಿದಾಗ ನಾನು ತಮಾಷೆ ಮಾಡಿದ್ದೆ.

ವರದಿ ರದ್ದಾಯಿತು. ಹೊಸ ಕಾಗದ ಜೊತೆಗಿದೆ. ಮೃತನ ತಪ್ಪೇನೂ ಇಲ್ಲ ಎಂದಿದೆ. ಮೇಸ್ತ್ರಿಯನ್ನು ಕರೆದುಕೊಂಡು ಹೋದರು. ನನ್ನ ಮೇಲೂ ಮೊಕದ್ದಮೆ ಇದೆ.

ಹೊರಗೆ ಬಂದಾಗ ಬೆಳಗಿನ ಪಾಳಿಯವರು ಕಾದಿದ್ದರು. ನಾನು ಓಡಲಿಲ್ಲ. ಕಣ್ಣು ಹೋದವನ ಕೈಗೆ ಅವನ ಅಣ್ಣ ಸಲಿಕೆ ಹಿಡಿಸಿ, ನನ್ನ ಮುಂದೆ ತಂದು ನಿಲ್ಲಿಸಿದ. ಅವನು ಸದ್ದು ಹಿಡಿದು ಬೀಸಿದ. ಮೊದಲ ಏಟು ಕೈಗೆ, ಎರಡನೆಯದು ಪಕ್ಕೆಲುಬಿಗೆ. ಮೂರನೆಯದಕ್ಕೆ ಬಿದ್ದೆ. ಆಮೇಲೆ ಎಲ್ಲರ ಬೂಟು. ಬಾಯಲ್ಲಿ ಎರಡು ಹಲ್ಲು ಹೋಗಿವೆ. ಸಾಯಿಸುತ್ತಿದ್ದರೇನೋ, ಈ ಹೆಂಗಸರು ಬಂದು ಮಧ್ಯೆ ನಿಂತರು. ಯಾರ ಮೇಲೂ ನಾನು ದೂರು ಕೊಟ್ಟಿಲ್ಲ.

ನಿನ್ನ ಬಾಗಿಲಿಗೆ ಬರಬಹುದೇ ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ತಮ್ಮ


ಆಸ್ಪತ್ರೆ ಹಿಂಬದಿಯ ಬೀದಿ
ಸೆಪ್ಟೆಂಬರ್ 9

ತಮ್ಮಾ,

ಕಾಗದ ತಲುಪಿತು. ಮೃತನ ತಪ್ಪೇನೂ ಇಲ್ಲ ಎಂಬ ಸಾಲನ್ನು ಪುಟ್ಟಿಗೆ ಎರಡು ಸಲ ಓದಿ ಹೇಳಿದೆ. ಕಣ್ಣು ಹೋದವನ ತಾಯಿಗೂ ಒಂದು ನಕಲು ಕಳಿಸಿದೆ, ಬೈಗುಳ ಬರೆಯದೆ.

ನಲ್ಲಿಯ ಹತ್ತಿರದ ಮಾತು ಓದಿದ ಮೇಲೆ ಮೂರು ದಿನ ನಿನ್ನನ್ನು ಮನಸ್ಸಿನಲ್ಲಿ ಕೊಂದೆ. ಕೈಗೆ ಸಿಕ್ಕಿದ್ದರಲ್ಲೆಲ್ಲ ಕೊಂದೆ. ನಾಲ್ಕನೆಯ ದಿನ ನನ್ನನ್ನೂ ನಿನ್ನ ಪಕ್ಕ ನಿಲ್ಲಿಸಿದೆ. ಅಲ್ಲಿಗೆ ಕೈ ಸೋತಿತು. ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ.

ಪುಟ್ಟಿಯ ಶಾಲೆಯ ಪುಸ್ತಕ ಈಗ ನನ್ನ ಮುಂದಿದೆ. ಫೆಬ್ರವರಿಯಲ್ಲಿ ಬರೆದದ್ದು. "ನಮ್ಮ ಮಾಮ ಎಣಿಸಿದರೆ ಜನ ಬದುಕುತ್ತಾರೆ." ಟೀಚರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದಾರೆ. ಅಪ್ಪನ ತಪ್ಪಿಲ್ಲ ಅಂದರೆ ಮತ್ತೆ ಯಾರದು ಎಂದು ಮೂರು ದಿನದಿಂದ ಕೇಳುತ್ತಿದ್ದಾಳೆ. ನಾನು ಹೇಳಿಲ್ಲ.

ಮೊಕದ್ದಮೆಯವರು ಬಿಟ್ಟರೆ ಬಾ. ಬಂದ ಕೂಡಲೇ ಒಂದು ಬಾರಿಸುತ್ತೇನೆ, ಊಟ ಆಮೇಲೆ. ಎಡಗಡೆಗೇ ಬಾರಿಸುತ್ತೇನೆ. ಬಲಗಡೆ ಮುಟ್ಟುವುದಿಲ್ಲ. ಆ ಕಡೆ ಪುಟ್ಟಿ ಕೂರುತ್ತಾಳೆ. ಅವಳು ಕೇಳುವುದು ನಿನಗೆ ಕೇಳಿಸಬೇಕು, ಉತ್ತರ ನೀನೇ ಹೇಳಬೇಕು.

ಅಕ್ಕ